ಹೆಂಚು ಬದಲಿಸುವುದು ಬೇರೆ, ತಾರಸಿ ಹಾಕುವುದು ಬೇರೆ
ಛಾವಣಿಯ ಕೆಲಸ ಯಾವುದೇ ಇರಲಿ, ಪಾಲಿಕೆಯ ಪರವಾನಗಿ ಪಡೆಯಲೇಬೇಕು ಎಂದು ಮನೆ ದುರಸ್ತಿ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿರುವುದು ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳವರನ್ನು ಅನಗತ್ಯವಾಗಿ ಗಾಬರಿಗೊಳಿಸೀತು. ಒಡೆದ ಮಂಗಳೂರು ಹೆಂಚನ್ನೋ ಗೆದ್ದಲು ತಿಂದ ರೀಪನ್ನೋ ಇದ್ದ ಎತ್ತರದಲ್ಲೇ ಬದಲಿಸುವುದು ಸಾಮಾನ್ಯವಾಗಿ ದುರಸ್ತಿಯಷ್ಟೇ. ಆದರೆ ಹೆಂಚು ಇಳಿಸಿ ಕಾಂಕ್ರೀಟ್ ತಾರಸಿ ಹಾಕಿದಾಗ ಹಳೆಯ ಗೋಡೆಗಳ ಮೇಲಿನ ಭಾರವೇ ಬದಲಾಗುವುದರಿಂದ, 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಡಿ ನಕ್ಷೆ, ಖಾತೆ, ತೆರಿಗೆ ರಸೀದಿಗಳೊಂದಿಗೆ ಅರ್ಜಿ ಸಲ್ಲಿಸುವುದೇ ಸರಿ. ನನ್ನ ದೃಷ್ಟಿಯಲ್ಲಿ ನಕ್ಷೆಗಿಂತಲೂ ಗೋಡೆಯ ಬಲದ ಪರೀಕ್ಷೆ ಮುಖ್ಯ (ಅದನ್ನು ಕೇಳುವವರೇ ಕಡಿಮೆ); 2012ರಲ್ಲಿ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತ ಊರು ಇದು. ಪರವಾನಗಿಗೆ ಸಮಯ ಹಿಡಿಯುವುದರಿಂದ, ಮಳೆಗಾಲಕ್ಕೆ ಮುನ್ನ ಕೆಲಸ ಮುಗಿಸಬೇಕೆನ್ನುವವರು ಸಂಕ್ರಾಂತಿಯ ಹೊತ್ತಿಗೇ ಅರ್ಜಿ ಕೊಡುವುದು ಒಳ್ಳೆಯದು.