ದೂರ ಒಂದೇ ಸಾಕಾಗಿದ್ದರೆ ಚಂದ್ರನ ಮೇಲೂ ಹುಲ್ಲು ಬೆಳೆಯಬೇಕಿತ್ತು

ನಿನ್ನೆ ಅಕ್ಕನ ಮಗನ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇತ್ತು. ಶಾಲೆಯ ಹೆಸರು ಬೇಡ. ಅಲ್ಲಿಂದ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಭಾಂಗಣದ ಮೂಲೆಯಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ನಿಂತಿದ್ದಳು. ಮೇಜಿನ ಮೇಲೆ ಒಂದು ಗಾಜಿನ ಲೋಟ, ಅದರಲ್ಲಿ ಸುಣ್ಣದ ತಿಳಿನೀರು, ಒಂದು ಸ್ಟ್ರಾ. ಹಿಂದೆ ಕೈಯಲ್ಲೇ ಬರೆದ ಕಾಗದ: ‘ಭೂಮಿಯ ಮೇಲೆ ಜೀವ ಏಕೆ ಉಳಿದಿದೆ?’ ಅಷ್ಟೇ. ಲೈಟಿಲ್ಲ, ಮೋಟರಿಲ್ಲ. ತೀರ್ಪುಗಾರರು ಬಂದಾಗ ಅವಳು ಸ್ಟ್ರಾದಲ್ಲಿ ಊದಿದಳು. ತಿಳಿನೀರು ಹಾಲಿನ ಹಾಗೆ ಬೆಳ್ಳಗಾಯಿತು. “ನನ್ನ ಉಸಿರಿನಲ್ಲಿದ್ದ ಗಾಳಿ ಈಗ ಸುಣ್ಣದ ಕಲ್ಲಾಯ್ತು ಸಾರ್. ಭೂಮಿ ಹೀಗೇ ಗಾಳಿಯನ್ನ ಕಲ್ಲು ಮಾಡಿ ಇಟ್ಟುಕೊಂಡಿದೆ” ಅಂದಳು.

“ಅದಿರಲಿ ಪುಟ್ಟ, ಮುಖ್ಯ ಕಾರಣ ಹೇಳು. ಸೂರ್ಯನಿಂದ ಸರಿಯಾದ ದೂರ, ಅಲ್ವಾ?”

“ಚಂದ್ರನೂ ಅಷ್ಟೇ ದೂರದಲ್ಲಿದ್ದಾನಲ್ಲ ಸಾರ್?”

ಅವರು ಉತ್ತರ ಕೊಡಲಿಲ್ಲ. ಮುಂದಿನ ಮೇಜಿಗೆ ಹೋದರು. ಮೊದಲ ಬಹುಮಾನ ಥರ್ಮಾಕೋಲಿನ ಸೌರಮಂಡಲಕ್ಕೆ ಬಂತು. ಸೂರ್ಯನ ಸುತ್ತ ಒಂದು ಹಸಿರು ಪಟ್ಟಿ ಬಳಿದಿದ್ದರು, ಅದರ ಮೇಲೆ ‘ಜೀವ ಇರುವ ಜಾಗ’ ಅಂತ ಬರೆದಿದ್ದರು. ಅದನ್ನು ಮಾಡಿದ ಮಕ್ಕಳು ರಾತ್ರಿಯೆಲ್ಲ ಕೂತು ಮಾಡಿರಬೇಕು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ಹಸಿರು ಪಟ್ಟಿಯ ಮೇಲೆ.

ನಾನು ಭೂವಿಜ್ಞಾನ ಓದಿದವಳು, ನಿಮಗೆ ಗೊತ್ತೇ ಇದೆ. ಕೆಲಸ ಬೇರೆ ಸಿಕ್ಕಿತು, ಕಲ್ಲಿನ ಮೇಲಿನ ಆಸೆ ಹೋಗಲಿಲ್ಲ. ಆ ಹುಡುಗಿ ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ ನೋಡಿ. 2023ರ ಆಗಸ್ಟ್‌ನಲ್ಲಿ ನಮ್ಮ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲದೊಳಗೆ ಥರ್ಮಾಮೀಟರ್ ಇಳಿಸಿತು. ಮೇಲೆ 50 ಡಿಗ್ರಿ ಆಸುಪಾಸಿನ ಬಿಸಿ. ಬರೀ 8 ಸೆಂಟಿಮೀಟರ್ ಕೆಳಗೆ, ಅಂದರೆ ಒಂದು ಅಂಗೈ ಅಗಲದಷ್ಟು ಆಳದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕಮ್ಮಿ. ಸೂರ್ಯ ಅದೇ, ದೂರವೂ ಅದೇ. ಬಿಸಿಲನ್ನು ಹಿಡಿದು ಎಲ್ಲ ಕಡೆ ಹಂಚುವ ಗಾಳಿ ಅಲ್ಲಿಲ್ಲ, ಸಮುದ್ರವೂ ಇಲ್ಲ. ನಮ್ಮ ಭೂಮಿಗೂ ಗಾಳಿಯ ಈ ಹೊದಿಕೆ ಇಲ್ಲದಿದ್ದರೆ ಸರಾಸರಿ ಬಿಸಿ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತಿತ್ತು. ಈಗಿರುವುದು ಸುಮಾರು 15. ಈ ವ್ಯತ್ಯಾಸ ದೂರದಿಂದ ಬಂದದ್ದಲ್ಲ.

ಹಾಗಂತ ಹೊದಿಕೆ ಇದ್ದರೆ ಸಾಕೇ? ಶುಕ್ರನನ್ನು ನೋಡಿ. ಗಾತ್ರದಲ್ಲಿ ಹೆಚ್ಚುಕಮ್ಮಿ ಭೂಮಿಯಷ್ಟೇ. ಅಲ್ಲಿ ನೆಲದ ಬಿಸಿ 465 ಡಿಗ್ರಿ, ಸೀಸವೂ ಕರಗಿ ಹರಿಯುವಷ್ಟು. ಗಾಳಿಯ ಒತ್ತಡ ನಮ್ಮಲ್ಲಿಗಿಂತ ಸುಮಾರು 90 ಪಟ್ಟು, ಗಾಳಿಯಲ್ಲಿ ನೂರಕ್ಕೆ 96 ಭಾಗ ಕಾರ್ಬನ್ ಡೈಆಕ್ಸೈಡ್. ಭೂಮಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಇದೆ. ಆದರೆ ಅದರಲ್ಲಿ ಹೆಚ್ಚಿನದು ಗಾಳಿಯಲ್ಲಿಲ್ಲ, ಸುಣ್ಣದ ಕಲ್ಲಿನೊಳಗೆ ಸೆರೆಯಾಗಿ ಕೂತಿದೆ. ಹುಡುಗಿ ಲೋಟದಲ್ಲಿ ತೋರಿಸಿದ್ದು ಇದನ್ನೇ! ಇದಕ್ಕಿಂತ ಮುಖ್ಯ ಕಾರಣ ಇನ್ನೇನು ಬೇಕಿತ್ತು?

ಇದು ಹೇಗೆ ನಡೆಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಮಳೆ ಬೀಳುವಾಗ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಸ್ವಲ್ಪ ಕರಗಿಸಿಕೊಳ್ಳುತ್ತದೆ, ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯನ್ನು ನಿಧಾನಕ್ಕೆ ತಿನ್ನುತ್ತದೆ. ಬಂಡೆ ಮಣ್ಣಾಗುತ್ತದೆ, ಅದರೊಳಗಿದ್ದ ಕ್ಯಾಲ್ಸಿಯಂ, ಮಳೆ ಗಾಳಿಯಿಂದ ತಂದ ಕಾರ್ಬನ್ ಜೊತೆ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಸಣ್ಣ ಜೀವಿಗಳು ಅವೆರಡರಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಚಿಪ್ಪು ತಳಕ್ಕೆ ಇಳಿದು ಸುಣ್ಣದ ಕಲ್ಲಾಗುತ್ತದೆ. ಹೀಗೆ ಆಗುತ್ತಲೇ ಹೋದರೆ ಗಾಳಿಯಲ್ಲಿ ಏನೂ ಉಳಿಯದೆ ಭೂಮಿ ಹೆಪ್ಪುಗಟ್ಟಬೇಕಿತ್ತು. ಆದರೆ ಸಮುದ್ರದ ತಳ ಸುಮ್ನೆ ಇರುವುದಿಲ್ಲ. ಖಂಡಗಳ ಅಂಚಿನಲ್ಲಿ ಅದು ಒಳಕ್ಕೆ ಜಾರುತ್ತದೆ, ಭೂಮಿಯ ಹೊಟ್ಟೆಯಲ್ಲಿ ಬೇಯುತ್ತದೆ, ಸೆರೆಯಾಗಿದ್ದ ಅನಿಲ ಜ್ವಾಲಾಮುಖಿಯಿಂದ ಹೊರಗೆ ಬರುತ್ತದೆ. ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಎಲೆಗೆ ಹಚ್ಚುವ ಸುಣ್ಣ ಮಾಡುತ್ತಾರಲ್ಲ, ಆ ಸುಣ್ಣದ ಗೂಡಿನಿಂದ ಹೊರಗೆ ಹೋಗುವುದೂ ಇದೇ ಅನಿಲ.

ಬಿಸಿ ಜಾಸ್ತಿಯಾದರೆ ಮಳೆ ಜಾಸ್ತಿ, ಬಂಡೆ ಬೇಗ ಕರಗುತ್ತದೆ, ಅನಿಲ ಕಮ್ಮಿಯಾಗಿ ತಂಪಾಗುತ್ತದೆ. ತೀರಾ ತಂಪಾದರೆ ಬಂಡೆ ಕರಗುವುದು ನಿಧಾನವಾಗುತ್ತದೆ, ಜ್ವಾಲಾಮುಖಿಯ ಅನಿಲ ಗಾಳಿಯಲ್ಲಿ ಸೇರುತ್ತಾ ಹೋಗಿ ಮತ್ತೆ ಬೆಚ್ಚಗಾಗುತ್ತದೆ. ಒಂದು ಸಲ ಸರಿಹೋಗಲು ಲಕ್ಷಗಟ್ಟಲೆ ವರ್ಷ ಬೇಕು. ಭೂಮಿ ಹುಟ್ಟಿದ ಹೊಸತರಲ್ಲಿ ಸೂರ್ಯನ ಬೆಳಕು ಈಗಿನದಕ್ಕಿಂತ ಸುಮಾರು ಶೇಕಡಾ 30 ಕಮ್ಮಿ ಇತ್ತು. ಆದರೂ ನಮ್ಮ ಸಮುದ್ರಗಳು ಹೆಪ್ಪುಗಟ್ಟಿ ಹಾಗೇ ಉಳಿಯಲಿಲ್ಲ. ಸೂರ್ಯನೇ ಬದಲಾದ ಮೇಲೆ ‘ಸರಿಯಾದ ದೂರ’ ಅಂದರೆ ಏನರ್ಥ ಹೇಳಿ?

‘ಖಗೋಳ ವಿಜ್ಞಾನಿಗಳೇ ಮೊದಲು ದೂರ ನೋಡುತ್ತಾರಲ್ಲ’ ಅಂತ ನಿನ್ನೆ ಒಬ್ಬ ಮೇಷ್ಟ್ರು ನನಗೆ ಹೇಳಿದರು. ನೋಡುತ್ತಾರೆ, ನಿಜ. ನೂರಾರು ಜ್ಯೋತಿರ್ವರ್ಷ ಆಚೆಯ ಗ್ರಹದಲ್ಲಿ ಸುಲಭಕ್ಕೆ ಲೆಕ್ಕ ಸಿಗುವುದು ಅದೇ. ಆದರೆ ಆ ಲೆಕ್ಕ ಹಾಕಿದ್ದು ಹೇಗೆ? ಅಮೆರಿಕದ ವಿಜ್ಞಾನಿ ಜೇಮ್ಸ್ ಕಾಸ್ಟಿಂಗ್ ಮತ್ತು ಜೊತೆಯವರು 1993ರಲ್ಲಿ ಈ ಪಟ್ಟಿಯ ಗಡಿ ಗುರುತಿಸುವಾಗ, ಗ್ರಹದಲ್ಲಿ ನೀರಿದೆ, ಕಾರ್ಬನ್ ಡೈಆಕ್ಸೈಡ್ ಇದೆ, ಬಂಡೆ ಮತ್ತು ಜ್ವಾಲಾಮುಖಿಯ ಈ ಸುತ್ತಾಟ ನಡೆಯುತ್ತಿದೆ ಅಂತ ಇಟ್ಟುಕೊಂಡೇ ಹೊರಟರು. ಅಂದರೆ ಹಸಿರು ಪಟ್ಟಿಯೊಳಗೇ ಕಲ್ಲು ಅಡಗಿದೆ. ನಾವು ಕಲ್ಲನ್ನು ಬಿಟ್ಟು ಬಣ್ಣವನ್ನಷ್ಟೇ ಮಕ್ಕಳಿಗೆ ಕೊಟ್ಟೆವು. 2013ರಲ್ಲಿ ರವಿಕುಮಾರ್ ಕೊಪ್ಪರಪು ಮತ್ತು ಜೊತೆಯವರು ಗಡಿಯನ್ನು ತಿದ್ದಿದರು. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಅಂದುಕೊಂಡರೆ, 0.99ರಿಂದ ಸುಮಾರು 1.7ರವರೆಗೆ. ಮಂಗಳ ಇರುವುದು 1.52ರಲ್ಲಿ. ಪಟ್ಟಿಯ ಒಳಗೇ! ಆದರೂ ಅಲ್ಲಿ ಒಣಗಿದ ಹೊಳೆಗಳ ಜಾಡಷ್ಟೇ ಉಳಿದಿದೆ. ಮಂಗಳ ಚಿಕ್ಕದು. ಒಳಗಿನ ಕಾವು ಬೇಗ ಇಳಿಯಿತು, ಸೂರ್ಯನಿಂದ ಬೀಸುವ ಕಣಗಳನ್ನು ತಡೆಯುತ್ತಿದ್ದ ಅಯಸ್ಕಾಂತದ ಕಾವಲು ಸುಮಾರು 400 ಕೋಟಿ ವರ್ಷಗಳ ಹಿಂದೆಯೇ ನಿಂತುಹೋಯಿತು. ಅಲ್ಲಿನ ಗಾಳಿ ಇವತ್ತಿಗೂ ಬಾಹ್ಯಾಕಾಶಕ್ಕೆ ಸೋರಿಹೋಗುತ್ತಿರುವುದನ್ನು ನಾಸಾದ ಮೇವನ್ ನೌಕೆ 2014ರಿಂದ ಅಳೆದಿದೆ.

ಒಂದು ವಿಷಯ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ನಾನು ಮನೆಪಾಠ ಹೇಳುತ್ತಿದ್ದೆ. ಆಗ ಮಕ್ಕಳಿಗೆ ನಾನೇ ಬರೆಸಿದ್ದೆ: ಸರಿಯಾದ ದೂರ, ನೀರು, ಆಮ್ಲಜನಕ. ಮೂರು ಪಾಯಿಂಟು, ಮೂರು ಮಾರ್ಕು. ಒಬ್ಬ ಹುಡುಗ ಶುಕ್ರನ ಬಗ್ಗೆ ಏನೋ ಕೇಳಿದ. ‘ಪರೀಕ್ಷೆಗೆ ಇಷ್ಟು ಸಾಕು’ ಅಂದೆ. ಅವನು ಮತ್ತೆ ಯಾವತ್ತೂ ಏನೂ ಕೇಳಲಿಲ್ಲ. ನಿನ್ನೆ ತೀರ್ಪುಗಾರರು ಮುಂದಿನ ಮೇಜಿಗೆ ಹೋದಾಗ ನನಗೆ ಅವನ ಮುಖವೇ ಕಣ್ಣ ಮುಂದೆ ಬಂತು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ಹುಡುಗಿಯ ಹತ್ತಿರ ಹೋದೆ. ಲೋಟದ ತಳದಲ್ಲಿ ಬಿಳಿ ಪುಡಿ ಕೂತಿತ್ತು. ಚೆಲ್ಲಲು ಹೊರಟಿದ್ದಳು. ಬೇಡ, ಒಣಗಿಸಿ ಇಟ್ಟುಕೋ ಅಂದೆ. “ಬಂಡೆ ಮಳೆಗೆ ಕರಗೋದನ್ನ ನೋಡೋಕಾಗುತ್ತಾ ಆಂಟಿ?” ಅಂತ ಕೇಳಿದಳು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಬುಡದಲ್ಲಿ ಗಟ್ಟಿ ಕಲ್ಲು ಉಗುರಿಗೆ ಪುಡಿಯಾಗುವಷ್ಟು ಮೆತ್ತಗಾಗಿ, ಆಮೇಲೆ ಕೆಂಪು ಮಣ್ಣಾಗುವುದನ್ನು ತೋರಿಸುತ್ತೇನೆ ಅಂದಿದ್ದೇನೆ. ಅವಳ ಅಮ್ಮನೂ ಒಪ್ಪಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ಕೆಂಪೇಗೌಡ ಗೋಪುರದ ಹತ್ತಿರ ಇರುತ್ತೇವೆ. ಬೆಂಗಳೂರಿನಲ್ಲಿರುವವರು ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಬಹುಮಾನ ಬಂದ ಥರ್ಮಾಕೋಲಿನ ಮಕ್ಕಳಿಗೂ ಹೇಳಿ ಕಳಿಸಿದ್ದೇನೆ.