ಯಾರ್ಕ್ ಅಂದ್ರೆ ಬರೀ ಬಂದೂಕಲ್ಲ

ಮೊದಲ ಮಹಾಯುದ್ಧದ ಅಮೆರಿಕನ್ ವೀರ ಸಾರ್ಜೆಂಟ್ ಆಲ್ವಿನ್ ಯಾರ್ಕ್ ಬಗ್ಗೆ ನಿಮ್ಮ ಲೇಖನ ಓದಿದೆ, ಚೆನ್ನಾಗಿ ಬರೆದಿದ್ದೀರಿ. ಆದರೆ ಮುಕ್ಕಾಲು ಲೇಖನ 1918ರ ಅಕ್ಟೋಬರ್ 8ರ ಒಂದೇ ದಿನಕ್ಕೆ ಹೋಗಿಬಿಟ್ಟಿದೆ, ಅಲ್ವಾ? ಫ್ರಾನ್ಸಿನ ಅರ್ಗಾನ್ ಕಾಡಿನಲ್ಲಿ 132 ಜರ್ಮನ್ ಸೈನಿಕರನ್ನು ಸೆರೆಹಿಡಿದ ಕಥೆ ಎಲ್ಲರಿಗೂ ಗೊತ್ತು. (ಜೊತೆಗಿದ್ದ ಏಳು ಸೈನಿಕರ ಹೆಸರು ಯಾರೂ ಎತ್ತಲ್ಲ, ಅದು ಬೇರೆ ಮಾತು.)

ನನಗೆ ಜಾಸ್ತಿ ಇಷ್ಟವಾಗುವುದು ಅಮೆರಿಕದ ಟೆನೆಸ್ಸಿ ರಾಜ್ಯದ ಪಾಲ್ ಮಾಲ್ ಹಳ್ಳಿಯ ಯಾರ್ಕ್. ಕುಡಿತ, ಹೊಡೆದಾಟ ಬಿಟ್ಟು ಚರ್ಚ್ ಸೇರಿದವರು ಅಲ್ಲಿ ಮುಂದೆ ನಿಂತು ಹಾಡಿಸುತ್ತಿದ್ದರು. ಕೊಲ್ಲುವುದು ಪಾಪ ಎಂದು ಸೈನ್ಯದಿಂದ ವಿನಾಯಿತಿಯನ್ನೂ ಕೇಳಿದ್ದರು. ಸಿಗಲಿಲ್ಲ.

ಯುದ್ಧದಿಂದ ಬಂದ ಮೇಲೆ ಜಾಹೀರಾತಿನವರು ದುಡ್ಡು ಹಿಡಿದು ಬಂದರೂ ಒಪ್ಪದೆ ಸೀದಾ ಊರಿಗೆ ಹೋದರು. ಟೆನೆಸ್ಸಿಯ ನ್ಯಾಶ್‌ವಿಲ್ ನಗರದ ರೋಟರಿ ಕ್ಲಬ್‌ನವರು ಜಮೀನು ಕೊಡಿಸುತ್ತೇವೆಂದು ಹಣ ಎತ್ತಿದರು. ಅದು ಸಾಲದೆ ಕಂತಿನ ಭಾರ ಇವರ ತಲೆಗೇ ಬಂತು. ಸನ್ಮಾನದ ಹೆಸರಲ್ಲಿ ಸಾಲ! 1921ರ ಹೊತ್ತಿಗೆ ಹೇಗೋ ತೀರಿತು. ಅಷ್ಟಾದರೂ ಸುಮ್ನೆ ಕೂರದೆ ಟೆನೆಸ್ಸಿಯದೇ ಜೇಮ್ಸ್‌ಟೌನ್‌ನಲ್ಲಿ ಹಳ್ಳಿ ಮಕ್ಕಳಿಗೆ ಶಾಲೆ ಕಟ್ಟಿಸಲು ಓಡಾಡಿದರು. ಅವರೇ ಹೆಚ್ಚು ಓದಿದವರಲ್ಲ. ಆ ಶಾಲೆ ಈಗಲೂ ಅವರ ಹೆಸರಲ್ಲೇ ನಡೆಯುತ್ತಿದೆ. ಅದರ ಬಗ್ಗೆಯೂ ಒಂದು ಲೇಖನ ಬರೆಯಿರಿ.