ಸ್ಪಷ್ಟನೆ: ಫಿನ್‌ಲ್ಯಾಂಡ್ ಶಾಲೆಗಳಲ್ಲಿ ಗಣಿತ, ಇತಿಹಾಸ ರದ್ದಾಗಿಲ್ಲ

"ಫಿನ್‌ಲ್ಯಾಂಡ್ ಗಣಿತ, ಭೌತಶಾಸ್ತ್ರ, ಇತಿಹಾಸ ಎಲ್ಲವನ್ನೂ ಶಾಲೆಯಿಂದ ತೆಗೆದುಹಾಕಿದೆ, ಅಲ್ಲಿ ಪರೀಕ್ಷೆಯೇ ಇಲ್ಲ" ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಇದು ನಿಜವಲ್ಲ.

ಅಲ್ಲಿ ಹೊಸ ಪಠ್ಯಕ್ರಮ ಬಂದದ್ದು 2016ರಲ್ಲಿ. ಏಳರಿಂದ ಒಂಬತ್ತನೇ ತರಗತಿಗೆ ಅದು 2017ರಿಂದ 2019ರವರೆಗೆ ಒಂದೊಂದಾಗಿ ಜಾರಿಯಾಯಿತು. ಅದರಲ್ಲಿ ಎಲ್ಲ ವಿಷಯಗಳೂ ಹಾಗೇ ಇವೆ. ಹೊಸದಾಗಿ ಸೇರಿದ್ದರಲ್ಲಿ ಮುಖ್ಯವಾದದ್ದು ಇದು: ಪ್ರತಿ ವರ್ಷ ಒಂದು ಸಲವಾದರೂ ಹಲವು ವಿಷಯಗಳನ್ನು ಬೆರೆಸಿ ಒಂದು ದೊಡ್ಡ ಪಾಠ ಮಾಡಬೇಕು. ಬಾಲ್ಟಿಕ್ ಸಮುದ್ರ ಯಾಕೆ ಹಾಳಾಗುತ್ತಿದೆ ಅನ್ನೋದನ್ನೇ ತೆಗೆದುಕೊಳ್ಳಿ. ನೀರಿನ ರಸಾಯನಶಾಸ್ತ್ರ, ಸುತ್ತಲಿನ ದೇಶಗಳ ಭೂಗೋಳ, ಮೀನುಗಾರರ ಬದುಕು, ಎಲ್ಲವೂ ಒಟ್ಟಿಗೆ ಬರುತ್ತವೆ. ಒಳ್ಳೆಯ ಕ್ರಮ ಅಲ್ವಾ? ಆದರೆ ಅದು ಮುಗಿದ ಮೇಲೆ ಮಕ್ಕಳು ಮತ್ತೆ ಮಾಮೂಲಿ ಗಣಿತದ ಪೀರಿಯಡ್‌ಗೇ ಹೋಗುತ್ತಾರೆ. ವಿಷಯಗಳನ್ನು ರದ್ದು ಮಾಡುತ್ತಿಲ್ಲ ಎಂದು ಫಿನ್‌ಲ್ಯಾಂಡ್‌ನ ರಾಷ್ಟ್ರೀಯ ಶಿಕ್ಷಣ ಸಂಸ್ಥೆಯೇ ಆಗ ಪ್ರಕಟಣೆ ಕೊಟ್ಟಿತ್ತು.

ಇನ್ನು ಪರೀಕ್ಷೆ. ಒಂಬತ್ತನೇ ತರಗತಿವರೆಗೆ ದೇಶಕ್ಕೆಲ್ಲ ಒಂದೇ ಎನ್ನುವಂಥ ಪಬ್ಲಿಕ್ ಪರೀಕ್ಷೆ ಇಲ್ಲ, ಅದು ಸರಿ. ಶಿಕ್ಷಕರು ತರಗತಿಯಲ್ಲಿ ಟೆಸ್ಟ್ ಕೊಡುತ್ತಾರೆ, ಮನೆಗೆಲಸವೂ ಇದೆ. ಆಮೇಲೆ ನಮ್ಮ ಪಿಯುಸಿಗೆ ಹತ್ತಿರವಾದ 'ಲುಕಿಯೊ' ಸೇರಿದವರು ಸಾಮಾನ್ಯವಾಗಿ ಕೊನೆಗೆ ರಾಷ್ಟ್ರಮಟ್ಟದ ದೊಡ್ಡ ಪರೀಕ್ಷೆ ಬರೆಯುತ್ತಾರೆ. 1852ರಿಂದ ನಡೆದುಬಂದಿರುವ ಪರೀಕ್ಷೆ ಅದು. ಒಂದೊಂದು ಪತ್ರಿಕೆಗೆ ಆರು ಗಂಟೆವರೆಗೆ ಸಮಯ ಇರುತ್ತದೆ. ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಬರೆಯುತ್ತಾರೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.